ಕೈ ಮುಗಿಯದ ರೈಟರು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವ ನಿಯಮವನ್ನು ಯಾರು ಮಾಡಿದರೋ ಗೊತ್ತಿಲ್ಲ. ನಮ್ಮ ಭಾವನನ್ನು ಮಣ್ಣು ಮಾಡಿದ ದಿನ ಇಗರ್ಜಿಯಲ್ಲಿ ಮೈಕು ಹಿಡಿದವರೆಲ್ಲ ಆ ನಿಯಮವನ್ನು ಪಾಲಿಸಿದ್ದು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬರು ಅವರನ್ನು ವಿಶ್ವಾಸದ ಕಂಬ ಎಂದರು. ಇನ್ನೊಬ್ಬರು ನಮ್ಮ ಧರ್ಮಕೇಂದ್ರದ ದೀಪ ಆರಿಹೋಯಿತು ಎಂದರು. ಕೊನೆಗೆ ಎಸ್ಟೇಟಿನ ಸಾಹುಕಾರರು ಎದ್ದು ಬಂದು, ಬಿಳಿ ಕರ್ಚೀಫಿನಿಂದ ಕಣ್ಣೊರೆಸಿಕೊಂಡು, 'ಇಂಥ ಮನುಷ್ಯ ಇನ್ನು ಹುಟ್ಟೋದಿಲ್ಲ' ಎಂದರು. 'ಹುಟ್ಟಿದ್ರೂ ನೀವು ಇರೋಕೆ ಬಿಡ್ಬೇಕಲ್ಲ' ಎಂದು ನಾನು ಕೂತಲ್ಲೇ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ, ಮುಂದಿನ ಎರಡು ಬೆಂಚಿನವರು ತಿರುಗಿ ನೋಡಿದರು. ಹೆಂಡತಿ ನನ್ನ ತೊಡೆ ಚಿವುಟಿದಳು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿ ಆ ಸಾಹುಕಾರರ ಕಾಫಿ ಎಸ್ಟೇಟಿದೆ. ಅಲ್ಲಿ ಭಾವ ರೈಟರಾಗಿದ್ದರು. ರೈಟರೆಂದರೆ ಬರೆಯುವವರೆಂದು ತಿಳಿಯಬೇಡಿ. ಬೆಳಿಗ್ಗೆ ಆಳುಗಳ ಹಾಜರಿ ತೆಗೆದು, ಯಾರಿಗೆ ಯಾವ ಕೆಲಸ ಎಂದು ಹಂಚಿ, ಸಂಜೆ ಕುಯ್ದ ಹಣ್ಣನ್ನು ತೂಗಿಸುವ ಮನುಷ್ಯನಿಗೆ ನಮ್ಮ ಕಡೆ ರೈಟರು ಅಂತಾರೆ. ಇಡೀ ಸೀಮೆ ಅವರನ್ನು ಹಾಗೇ ಕರೆಯುತ್ತಿತ್ತು. ನನಗೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಪೈಪು, ನಲ್ಲಿ, ಮೊಳೆ ಮಾರುವ ಅಂಗಡಿ. ಹಾಗಾಗಿ ನಮ್ಮಿಬ್ಬರ ಲೋಕ ಬೇರೆ ಬೇರೆ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ.

ಮನೆಯಲ್ಲಿ ನಾವು ಆಡುವುದು ಕೊಂಕಣಿ. ಭಾವ ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದರು. ಅವರು ಕನ್ನಡ ಶುರು ಮಾಡಿದರೆ ಅಕ್ಕ ಮೆಲ್ಲಗೆ ಎದ್ದು ಒಳಗೆ ಹೋಗುತ್ತಿದ್ದಳು. ಸಣಕಲು ಮೈ, ದೊಡ್ಡ ಕಿವಿ. ಎದುರಿಗಿದ್ದವರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಎಡಗಿವಿಯ ತುದಿಯನ್ನು ಹಿಡಿದು ಕೆಳಕ್ಕೆ ಎಳೆಯುತ್ತಿದ್ದರು. ಅದು ಅವರಿಗೆ ಗೊತ್ತೇ ಇರಲಿಲ್ಲ. ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರೆ, ನಾನು ಗಿರಾಕಿಯ ಜೊತೆ ಮಾತಾಡುವಷ್ಟು ಹೊತ್ತೂ ಕಿವಿ ಎಳೆದುಕೊಂಡೇ ಇರುತ್ತಿದ್ದರು. ವ್ಯಾಪಾರಸ್ಥನಿಗೆ ಇದಕ್ಕಿಂತ ದೊಡ್ಡ ಕಾಟ ಇನ್ನೊಂದಿಲ್ಲ.

ಅವರು ಸಂತ ಗಿಂತ ಏನೂ ಆಗಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ. ಹಠಮಾರಿ. ಊಟಕ್ಕೆ ಕೂತಾಗ ಮೀನಿನ ಸಾರಿಗೆ ಉಪ್ಪು ಕಡಿಮೆಯಾದರೆ ಅದನ್ನೂ ಹೇಳದೆ ಬಿಡುವ ಮನುಷ್ಯ ಅಲ್ಲ. ಅವರ ತೊಂದರೆ ಒಂದೇ. ಇಗರ್ಜಿಯಲ್ಲಿ ಆಡುವ ಮಾತುಗಳನ್ನು ನಾವೆಲ್ಲ ಹಾಡಿನ ಹಾಗೆ ಹೇಳಿ ಮುಗಿಸುತ್ತೇವಲ್ಲ, ಭಾವ ಅವನ್ನು ನಿಜವೆಂದು ತಿಳಿದುಬಿಟ್ಟಿದ್ದರು. ಒಂದೊಂದು ಮಾತಿಗೂ ಅರ್ಥವಿದೆ, ಹೇಳಿದ ಮೇಲೆ ಮಾಡಬೇಕು ಎಂದುಕೊಂಡಿದ್ದರು.

ನಮ್ಮ ಪೂಜೆಯಲ್ಲಿ ಒಂದು ಗಳಿಗೆ ಇದೆ. ಪರಮಪ್ರಸಾದಕ್ಕೆ ಮುಂಚೆ ಫಾದರು ಎಲ್ಲರಿಗೂ ಒಬ್ಬರಿಗೊಬ್ಬರು ಸಮಾಧಾನ ಹಾರೈಸಿ ಎನ್ನುತ್ತಾರೆ. ಆಗ ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ ಕೈ ಮುಗಿದು, ಹಿಂದಿನ ಬೆಂಚಿಗೆ ತಲೆ ಅಲ್ಲಾಡಿಸಿ ಮುಂದೆ ತಿರುಗುವುದು ನಮ್ಮ ರೂಢಿ. ಬೇಲಿಯ ಜಗಳಕ್ಕೆ ಕೋರ್ಟಿಗೆ ಹೋದವರೂ ಅಲ್ಲಿ ಕೈ ಮುಗಿಯುತ್ತಾರೆ, ಹೊರಗೆ ಬಂದು ಮುಖ ತಿರುಗಿಸುತ್ತಾರೆ. ಭಾವ ಹಾಗಲ್ಲ. ಯಾರ ಜೊತೆಗಾದರೂ ಮನಸ್ತಾಪ ಇದ್ದರೆ ಅವರ ಕೈ ಮೇಲೇಳುತ್ತಿರಲಿಲ್ಲ. ಪೂಜೆಯ ನಡುವೆಯೇ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದರು.

ಒಂದು ಭಾನುವಾರ ನಾನು ಪೂಜೆಗೆ ಹೋಗದೆ ಅಂಗಡಿ ತೆರೆದು ಕೂತಿದ್ದೆ. ಹಿಂದಿನ ದಿನ ಯಾವುದೋ ವಾಷರಿನ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಭಾವ ಏದುಸಿರು ಬಿಡುತ್ತಾ ಬಂದು ಮೆಟ್ಟಿಲ ಮೇಲೆ ನಿಂತರು.

'ಎಂತ ಭಾವ, ಪೂಜೆ ಮುಗೀತಾ?'

'ಮುಗೀಲಿಲ್ಲ ಮಾರಾಯ. ನಿನ್ನ ಹತ್ರ ಸಮಾಧಾನ ಆಗ್ದೆ ಅಲ್ಲಿ ಕೈ ಮುಗಿಯೋಕೆ ಆಗ್ಲಿಲ್ಲ. ನಿನ್ನೆ ನಿನ್ನನ್ನ ಕಳ್ಳ ಅಂದೆನಲ್ಲ, ಅದು ತಪ್ಪು. ವಾಷರ್ ಮಾತ್ರ ಕೆಟ್ಟದ್ದೇ.'

ಇಷ್ಟು ಹೇಳಿ ಕೈ ಮುಗಿದು ಹೋದರು. ಗಿರಾಕಿಗಳ ಎದುರಿಗೆ! ನಗಬೇಕೋ ಬಯ್ಯಬೇಕೋ ತಿಳಿಯದೆ ನಾನು ಮೊಳೆ ತೂಗುವುದನ್ನೂ ಮರೆತು ನಿಂತಿದ್ದೆ. ಇನ್ನೊಂದು ಸಲ ಬಸ್ಸು ಹತ್ತಿ ನರಸಿಂಹರಾಜಪುರದ ತನಕ ಹೋಗಿ ಒಬ್ಬರು ಲಾರಿ ಮಾಲೀಕರ ಬಾಗಿಲು ತಟ್ಟಿದ್ದರು. ನನ್ನ ಮೇಲೆ ನಿಮಗೆ ಬೇಜಾರಿದೆ, ಕ್ಷಮಿಸಿ ಎಂದರಂತೆ. ಆ ಮನುಷ್ಯನಿಗೆ ಏನೂ ನೆನಪಿಲ್ಲ. ಏನು ವಿಷಯ ಎಂದು ಕೇಳಿದ್ದಕ್ಕೆ ಭಾವ ಕೂತು, ತಾನು ಅವರ ಬೆನ್ನ ಹಿಂದೆ ಆಡಿದ್ದನ್ನೆಲ್ಲ ವಿವರವಾಗಿ ಹೇಳಿದರು. 'ಅಲ್ಲ ಮಾರಾಯ್ರೇ, ನಂಗೆ ನಿಮ್ಮ ಮೇಲೆ ಸಿಟ್ಟೇ ಇರ್ಲಿಲ್ಲ, ಈಗ ಬಂತು ನೋಡಿ' ಎಂದು ಅವರು ಬಾಗಿಲು ಹಾಕಿಕೊಂಡರಂತೆ. ಭಾವ ಮುಂದಿನ ವಾರ ಮತ್ತೆ ಹೋದರು. ಈ ಸಲ ಕಾಫಿ ಕೊಟ್ಟು ಕಳಿಸಿದರು.

ಕ್ರಿಸ್ಮಸ್ಸಿಗೆ ನಮ್ಮಲ್ಲಿ ಕುಸ್ವಾರು ಹಂಚುವ ಪದ್ಧತಿ. ಅಂದರೆ ಹಬ್ಬದ ತಿಂಡಿಗಳ ತಟ್ಟೆ. ಅಕ್ಕ ವಾರಗಟ್ಟಲೆ ಕೂತು ಕರಿದು, ಸಕ್ಕರೆ ಪಾಕ ಹಚ್ಚಿ, ಡಬ್ಬ ತುಂಬಿಸುತ್ತಿದ್ದಳು. ಎಸ್ಟೇಟಿನಲ್ಲಿ ಮೊದಲ ತಟ್ಟೆ ಬಂಗಲೆಗೆ ಹೋಗಬೇಕು, ಅದು ಎಲ್ಲರಿಗೂ ಗೊತ್ತು. ಭಾವ ಮೊದಲು ತಟ್ಟೆ ಹಿಡಿದುಕೊಂಡು ಹೋಗುತ್ತಿದ್ದದ್ದು ಆಳುಗಳ ಲೈನ್ ಮನೆಗಳಿಗೆ. ಡಬ್ಬ ಅಲ್ಲಿ ಖಾಲಿಯಾಗುತ್ತಿತ್ತು. ಬಂಗಲೆಗೆ ಹೋಗುವಷ್ಟರಲ್ಲಿ ಮುರಿದ ಚೂರುಗಳು. ಒಂದು ವರ್ಷ ಸಾಹುಕಾರರ ಹೆಂಡತಿ ಅಕ್ಕನನ್ನು ನಿಲ್ಲಿಸಿ, 'ಉಳಿದದ್ದು ಕಳ್ಸೋಕೆ ನಾವೇನು ನಾಯಿಗಳಾ ಬಾಯಮ್ಮ?' ಎಂದು ಕೇಳಿದಳು. ಅಕ್ಕ ಅದನ್ನು ನನ್ನ ಹತ್ತಿರ ಹೇಳಿ ಅತ್ತಳು. ಭಾವನಿಗೆ ಹೇಳಿದ್ದಕ್ಕೆ ಅವರು, 'ಬಂಗಲೆಯಲ್ಲಿ ಅಡಿಗೆಯವ್ರು ಇದಾರೆ, ಬೇಕಾದ್ರೆ ಮಾಡಿಸ್ಕೊಳ್ಲಿ' ಎಂದರು. ಹೇಳುವುದು ಸುಲಭ. ಆ ಮಾತನ್ನು ಕೇಳಿಸಿಕೊಂಡವಳು ನನ್ನ ಅಕ್ಕ.

ಇಲ್ಲಿ ಆ ಸಾಹುಕಾರರ ವಿಷಯ ಹೇಳಬೇಕು. ಅವರು ನಮ್ಮವರೇ, ಇಗರ್ಜಿಯ ಪಾಲನಾ ಮಂಡಳಿಯ ಉಪಾಧ್ಯಕ್ಷರು. ಮುಂದಿನ ಬೆಂಚು ಅವರದ್ದು. ಗಂಟೆ ಅವರು ಕೊಡಿಸಿದ್ದು, ಫ್ಯಾನು ಅವರು ಹಾಕಿಸಿದ್ದು, ಎರಡರ ಮೇಲೂ ಅವರ ಅಪ್ಪನ ಹೆಸರು ಕೆತ್ತಿದೆ. ಹಣ್ಣು ಕುಯ್ಯುವ ಕಾಲದಲ್ಲಿ ಅವರು ಭಾನುವಾರವೂ ಆಳುಗಳನ್ನು ಕೆಲಸಕ್ಕೆ ಇಳಿಸಬೇಕೆನ್ನುತ್ತಿದ್ದರು. ಆಮೇಲೆ ತಾವು ಇಸ್ತ್ರಿ ಶರಟು ಹಾಕಿಕೊಂಡು ಪೂಜೆಗೆ ಬರುತ್ತಿದ್ದರು. ಭಾವ ಭಾನುವಾರ ಹಾಜರಿ ತೆಗೆಯುವುದಿಲ್ಲ ಎಂದು ಕೂತರು.

'ಹಣ್ಣು ಉದುರಿ ಹೋಗ್ತದೆ ರೈಟ್ರೇ. ಸ್ವಲ್ಪ ಅಡ್ಜಸ್ಟ್ ಮಾಡ್ಕಳಿ.'

'ಇಗರ್ಜಿ ಗಂಟೆ ನೀವೇ ಕೊಡ್ಸಿದ್ದಲ್ವಾ ಸಾವ್ಕಾರ್ರೇ? ಅದು ಹೊಡೆದಾಗ ಲೈನಿನೋರಿಗೂ ಕೇಳ್ತದೆ.'

ಸಾಹುಕಾರರು ಅವತ್ತು ನಕ್ಕುಬಿಟ್ಟರು. ನಗುವಷ್ಟು ಮಟ್ಟಿಗೆ ಭಾವ ಅವರಿಗೆ ಬೇಕಾಗಿತ್ತು. ಕಾಯಿಯೊಂದೂ ಕಳುವಾಗದ ಹಾಗೆ ಎಸ್ಟೇಟು ನೋಡಿಕೊಳ್ಳುವ ಮನುಷ್ಯ ಎಲ್ಲಿ ಸಿಗುತ್ತಾನೆ?

ಆ ಲೈನ್ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಇದ್ದವರು ಜಾರ್ಖಂಡಿನಿಂದ ಬಂದವರು. ಅವರಲ್ಲಿ ಬಹಳ ಜನ ನಮ್ಮ ಹಾಗೇ ಕ್ರೈಸ್ತರು. ನಮಗಿಂತ ಚೆನ್ನಾಗಿ ಹಾಡುವವರು. ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು, ಮಕ್ಕಳ ಕೈ ಹಿಡಿದುಕೊಂಡು ನಡೆದು ಬರುತ್ತಿದ್ದರು. ಬಂದು ಜಗುಲಿಯ ಮೇಲೆ ಕೂರುತ್ತಿದ್ದರು. ಒಳಗೆ ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ಬನ್ನಿ ಎಂದೂ ಯಾರೂ ಹೇಳಿರಲಿಲ್ಲ. ಭಾವ ಹೋಗಿ ಅವರ ಜೊತೆ ಜಗುಲಿಯಲ್ಲೇ ಕೂರುತ್ತಿದ್ದರು. ಸಮಾಧಾನ ಹಾರೈಸುವ ಹೊತ್ತಿಗೆ ಒಬ್ಬೊಬ್ಬರ ಹತ್ತಿರವೂ ಹೋಗಿ ಕೈ ಮುಗಿಯುತ್ತಿದ್ದರು. ಅಷ್ಟರಲ್ಲಿ ಒಳಗೆ ಪ್ರಸಾದ ಶುರುವಾಗಿರುತ್ತಿತ್ತು.

ಅವರಲ್ಲೊಬ್ಬನಿಗೆ ಜ್ವರ ಬಂತು. ಬೇಸಗೆ. ಎಸ್ಟೇಟಿಗೆ ತಾಗಿದ ಕಾಡಂಚಿನಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಮಂಗನ ಕಾಯಿಲೆ ಅಂದರೆ ನಮ್ಮ ಮೂರು ತಾಲ್ಲೂಕಿನಲ್ಲಿ ಮಕ್ಕಳಿಗೂ ಗೊತ್ತು. ಸತ್ತ ಮಂಗದ ಮೈಯ ಉಣುಗು ತರಗೆಲೆಗೆ ಇಳಿಯುತ್ತದೆ, ಅದು ಕಚ್ಚಿದರೆ ಜ್ವರ. ಇಲಾಖೆಯವರು ಬಂದು ಆ ಕಡೆ ಯಾರೂ ದರಗು, ಅಂದರೆ ಉದುರಿದ ಒಣ ಎಲೆ, ತರಲು ಹೋಗಬೇಡಿ ಎಂದು ಹೇಳಿ, ಮೈಗೆ ಹಚ್ಚಿಕೊಳ್ಳಲು ಎಣ್ಣೆ ಕೊಟ್ಟು ಹೋಗಿದ್ದರು. ಭಾವ ಆ ದಾರಿಗೆ ಮುಳ್ಳು ಎಳೆಸಿದ್ದರು. ಆದರೆ ಸಾಹುಕಾರರ ಶುಂಠಿಗೆ ಹೊದಿಸಲು ದರಗು ಬೇಕಿತ್ತು. ಭಾವ ಏನೋ ಕೆಲಸಕ್ಕೆ ನರಸಿಂಹರಾಜಪುರಕ್ಕೆ ಹೋಗಿದ್ದ ದಿನ ಸಾಹುಕಾರರೇ ನಿಂತು ಮುಳ್ಳು ಸರಿಸಿ ನಾಲ್ಕೈದು ಜನರನ್ನು ಕಾಡಿಗೆ ಕಳಿಸಿದರು. ಎಣ್ಣೆಯ ಬಾಟಲಿ ಗೋಡೌನಿನಲ್ಲೇ ಇತ್ತು.

ಜ್ವರ ಬಂದದ್ದು ಹಾಗೆ ಹೋದವರಲ್ಲೊಬ್ಬ ಹುಡುಗನಿಗೆ, ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಮದುವೆಯಾಗಿ ಹೆಚ್ಚು ವರ್ಷ ಆಗಿರಲಿಲ್ಲ. ಹೆಂಡತಿ ಆಗ ಕನ್ನಡದಲ್ಲಿ ನಾಲ್ಕು ಮಾತು ಕಲಿತಿದ್ದಳು ಅಷ್ಟೆ. ಅವಳು ಭಾವನನ್ನು ಕೇಳಿದ್ದು ಒಂದೇ. ತನ್ನ ಗಂಡನನ್ನು ಕಾಡಿನಲ್ಲಿ ಹೂಳಬಾರದು, ಶಿಲುಬೆ ಇರುವ ಜಾಗದಲ್ಲಿ, ಫಾದರು ಬಂದು ಪ್ರಾರ್ಥನೆ ಹೇಳಿ ಹೂಳಬೇಕು.

ಇದೇನು ದೊಡ್ಡ ಬೇಡಿಕೆಯೇ? ನಮ್ಮ ಮಂಡಳಿಯವರಿಗೆ ದೊಡ್ಡದಾಯಿತು. ಆಂಬುಲೆನ್ಸು ಸಿಮಿತ್ರಿಯ, ಅಂದರೆ ನಮ್ಮ ಸ್ಮಶಾನದ, ಗೇಟಿನ ಹೊರಗೆ ನಿಂತಿದೆ, ಒಳಗೆ ಇವರ ಮೀಟಿಂಗು! ಕಾಯಿಲೆಯ ಹೆಣ, ಹರಡುತ್ತದೆ ಎಂದರು. ಹೆಣದಿಂದ ಹರಡುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹಾಗಾದರೆ ನಮ್ಮ ಧರ್ಮಕೇಂದ್ರದವನಲ್ಲ ಎಂದರು. ಜಾಗ ಕಡಿಮೆ ಎಂದರು. ಇವತ್ತು ಒಬ್ಬನಿಗೆ ಕೊಟ್ಟರೆ ನಾಳೆ ಲೈನಿನವರೆಲ್ಲ ಕೇಳುತ್ತಾರೆ ಎಂದರು. ನಿಜವಾದ ಮಾತು ಅದೇ ಕೊನೆಯದು. ಸಾಹುಕಾರರು ಬಹಳ ಮೆದುವಾಗಿ, 'ಎಸ್ಟೇಟಲ್ಲಿ ಹಳ್ಳದ ಕೆಳಗೆ ಜಾಗ ಉಂಟು, ಅಲ್ಲೇ ಮಾಡುವ. ಖರ್ಚು ನಂದು' ಎಂದರು. ಖರ್ಚು ನಂದು! ಫಾದರು ಹೊಸಬರು, ಚಿಕ್ಕ ವಯಸ್ಸು. ನೆಲ ನೋಡುತ್ತಾ ನಿಂತಿದ್ದರು.

ಭಾವ ಕನ್ನಡ ಶುರು ಮಾಡಿದರು.

'ನಮ್ಮಪ್ಪನ ಜಾಗ ಇದೆಯಲ್ಲ, ಅದಕ್ಕೆ ಯಾರಪ್ಪಣೆ ಬೇಕು ಫಾದರ್?'

ನಮ್ಮ ಸಿಮಿತ್ರಿಯಲ್ಲಿ ಕೆಲವು ಮನೆತನಗಳಿಗೆ ಸ್ವಂತ ಜಾಗ ಇದೆ. ಒಬ್ಬರನ್ನು ಇಟ್ಟು, ವರ್ಷಗಳು ಕಳೆದ ಮೇಲೆ ಅದನ್ನೇ ತೆಗೆದು ಅದೇ ಮನೆಯ ಇನ್ನೊಬ್ಬರನ್ನು ಇಡುವುದು. ಭಾವನ ಅಪ್ಪ ಜೀವಮಾನ ದುಡಿದು ಕೆಳಗಿನ ಸಾಲಿನಲ್ಲಿ ಅಂಥದ್ದೊಂದು ಜಾಗ ಮಾಡಿ, ತಾವು ಅಲ್ಲಿ ಮಲಗಿದ್ದರು. ಆಮೇಲೆ ಅದು ಭಾವನದ್ದು. ಅವರಿಗೆ ಮಕ್ಕಳಿಲ್ಲ, ಹಾಗಾಗಿ ಕೊನೆಗೆ ಅದು ಗಂಡ ಹೆಂಡತಿಯದ್ದು.

'ಕುಟುಂಬದೋರು ಒಪ್ಪಿದ್ರೆ ನನ್ನ ಅಡ್ಡಿ ಇಲ್ಲ' ಎಂದರು ಫಾದರು. ಉಸಿರು ಬಿಟ್ಟ ಹಾಗಿತ್ತು ಅವರು ಹೇಳಿದ್ದು.

ಸಾಹುಕಾರರ ಮುಖ ಕೆಂಪಾಯಿತು. 'ನಿಮ್ಮಪ್ಪನ ಮೇಲೆ ಯಾರೋ ಲೈನಿನೋನನ್ನ ಹಾಕ್ತೀರಾ ರೈಟ್ರೇ?'

'ನಮ್ಮಪ್ಪ ಹುಟ್ಟಿದ್ದೂ ಲೈನಲ್ಲೇ. ನಿಮ್ಮಪ್ಪನ ಲೈನಲ್ಲಿ.'

ಭಾವ ತಿರುಗಿ ಅಕ್ಕನ ಮುಖ ನೋಡಿದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯಾಡಿಸಿದಳು. ನನಗೆ ಇಬ್ಬರ ಮೇಲೂ ಎಷ್ಟು ಸಿಟ್ಟು ಬಂತೆಂದರೆ ಅಲ್ಲೇ ಕೂಗಾಡಿಬಿಟ್ಟೆ. 'ನಾಳೆ ನೀವು ಎಲ್ಲಿಗೆ ಹೋಗ್ತೀರಿ ಭಾವ? ರಸ್ತೆ ಮೇಲಾ?' ಎಂದೆ. 'ನಾಳೆದು ನಾಳೆ ಮಾರಾಯ, ಈಗ ಗುದ್ದಲಿ ಹಿಡಿ' ಎಂದರು. ಗುಂಡಿ ತೋಡುವವನು ಕಾಯಿಲೆಗೆ ಹೆದರಿ ಹೋಗಿಬಿಟ್ಟಿದ್ದ. ನಾನು ಬೈದುಕೊಂಡೇ ಗುದ್ದಲಿ ಹಿಡಿದೆ.

ಮಾರನೆಯ ದಿನ ಭಾನುವಾರ. ಸಮಾಧಾನ ಹಾರೈಸುವ ಹೊತ್ತಿಗೆ ಸಾಹುಕಾರರಿಗೆ ಒಂದು ಅಭ್ಯಾಸ. ಮುಂದಿನ ಬೆಂಚಿನಿಂದ ಎದ್ದು ಬಾಗಿಲ ತನಕ ಬಂದು ಎಲ್ಲರಿಗೂ ಕೈ ಮುಗಿಯುತ್ತಾ ಹೋಗುವುದು, ಎಲೆಕ್ಷನ್ನಿಗೆ ನಿಂತವರ ಹಾಗೆ. ಅವತ್ತು ಜಗುಲಿಗೂ ಬಂದರು. ಭಾವನ ಮುಂದೆ ನಿಂತು ಕೈ ಮುಗಿದರು. ಭಾವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

'ನಿಮ್ಮ ಜೊತೆ ನಂಗೆ ಸಮಾಧಾನ ಇಲ್ಲ ಸಾವ್ಕಾರ್ರೇ. ಸುಳ್ಳು ಕೈ ಮುಗಿಯೋಕೆ ಬರಲ್ಲ. ಮಧ್ಯಾಹ್ನ ಬಂಗಲೆಗೆ ಬರ್ತೀನಿ, ಮಾತಾಡುವ.'

ಹಾಡುವವರು ಹಾಡು ನಿಲ್ಲಿಸಿಬಿಟ್ಟರು. ಇಡೀ ಇಗರ್ಜಿಗೆ ಕೇಳಿಸಿತ್ತು. ಜನ ಅದನ್ನು ಅವಮಾನ ಎಂದರು, ಸೊಕ್ಕು ಎಂದರು. ಅದು ಎರಡೂ ಅಲ್ಲ ಎಂದು ನನಗೆ ಗೊತ್ತಿತ್ತು. ವಾಷರಿನ ಜಗಳಕ್ಕೆ ನನ್ನ ಹತ್ತಿರ ಓಡಿ ಬಂದ ಹಾಗೇ ಆ ಮನುಷ್ಯ ಬಂಗಲೆಗೆ ಓಡಿದ್ದು. ಸಾಹುಕಾರರು ಆ ವಿಧವೆಯ ಹತ್ತಿರ ಹೋಗಿ ತಪ್ಪಾಯಿತು ಎಂದು ಒಂದು ಮಾತು ಹೇಳಲಿ, ಮುಳ್ಳು ಸರಿಸಿದ್ದು ನಾನೇ ಎನ್ನಲಿ, ಅಷ್ಟಾದರೆ ಮುಂದಿನ ಭಾನುವಾರ ಎರಡೂ ಕೈ ಎತ್ತಿ ಮುಗಿಯುತ್ತೇನೆ ಎಂದು ಹೇಳಲು ಹೋಗಿದ್ದರು. ನಿಜವಾಗಿಯೂ ಸಮಾಧಾನ ಆಗುತ್ತದೆಂದು ನಂಬಿಕೊಂಡು ಹೋಗಿದ್ದರು! ಸಾಹುಕಾರರು ಕೂರಲಿಕ್ಕೂ ಹೇಳಲಿಲ್ಲ. ಕ್ವಾಟ್ರಸ್ಸು ಖಾಲಿ ಮಾಡಿ ಎಂದರು.

ನನ್ನ ಅಂಗಡಿಯ ಮೇಲಿನ ಕೋಣೆಗೆ ಅವರ ಸಾಮಾನು ಬಂತು. ಆಮೇಲೆ ಊರಿನವರು ಶುರು ಮಾಡಿದರು ನೋಡಿ. ಪೇಟೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಸಿಕ್ಕಿದರೂ ಒಂದೇ ಮಾತು. 'ರೈಟ್ರೇ, ಸಮಾಧಾನ ಮಾಡ್ಕಳಿ.' ನನಗೂ ಅದೇ ಉಪದೇಶ. ಸಮಾಧಾನ ಮಾಡ್ಕ ಮಾರಾಯ. ಅಕ್ಕನಿಗೂ ಅದೇ. ನಮ್ಮ ಕನ್ನಡದಲ್ಲಿ ಈ ಪದ ಹಾಳಾಗಿ ಹೋಗಿದೆ. ಬಾಯಿ ಮುಚ್ಚಿಕೊಂಡಿರು ಎನ್ನುವುದಕ್ಕೆ ನಾವು ಸಮಾಧಾನ ಎನ್ನುತ್ತೇವೆ. ಭಾವ ಆ ಮಾತು ಕೇಳಿದಾಗಲೆಲ್ಲ, 'ಅದನ್ನೇ ಕೇಳೋಕೆ ಹೋಗಿದ್ದೆ, ಅವ್ರು ಕೊಡ್ಲಿಲ್ಲ' ಎನ್ನುತ್ತಿದ್ದರು. ಹೇಳಿದವರಿಗೆ ಅರ್ಥವಾಗುತ್ತಿರಲಿಲ್ಲ.

ಭಾವನೂ ಮಂಡಳಿಯ ಸದಸ್ಯರಾಗಿದ್ದರು, ಅಲ್ಲಿಂದ ಅವರ ಹೆಸರು ಹೋಯಿತು. ಪೂಜೆಯಲ್ಲಿ ಬೈಬಲ್ ವಾಚನ ಓದಲು ಕರೆಯುವುದನ್ನು ನಿಲ್ಲಿಸಿದರು. ಮದುವೆಯ ಕಾರ್ಡುಗಳು ನನಗೆ ಬಂದವು, ಅವರಿಗೆ ಬರಲಿಲ್ಲ. ಮೈಕು ಹಿಡಿದು ಕಂಬ, ದೀಪ ಎಂದರಲ್ಲ, ಅವರೇ ಆಗ ಇದನ್ನೆಲ್ಲ ಮಾಡಿದವರು. ಒಬ್ಬರ ಹೆಸರೂ ನಾನು ಮರೆತಿಲ್ಲ. ಭಾವ ಮಾತ್ರ ಒಂದು ಭಾನುವಾರವೂ ಪೂಜೆ ತಪ್ಪಿಸಲಿಲ್ಲ. ಅದೇ ಜಗುಲಿ. ಆ ಗಳಿಗೆ ಬಂದಾಗ ಲೈನಿನವರಿಗೆ ಕೈ ಮುಗಿಯುತ್ತಿದ್ದರು, ಸಾಹುಕಾರರು ನಿಂತ ಕಡೆ ನೋಡಿ ಕೈ ಇಳಿಸುತ್ತಿದ್ದರು. ಪ್ರಸಾದಕ್ಕೂ ಮುಂದೆ ಹೋಗುತ್ತಿರಲಿಲ್ಲ. ಒಬ್ಬರ ಜೊತೆ ಸಮಾಧಾನ ಇಲ್ಲದೆ ಅದನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳಲಾರೆ ಎನ್ನುತ್ತಿದ್ದರು. ಅದು ಅವರಿಗೆ ಎಂಥ ಹಸಿವಾಗಿತ್ತೆಂದು ಅಕ್ಕನಿಗೆ ಮಾತ್ರ ಗೊತ್ತು. ಅನ್ಯಾಯ ಮಾಡಿದವರು ಸಾಲಿನಲ್ಲಿ ಮೊದಲು ನಿಂತು ಪ್ರಸಾದ ತಿಂದು ಬಾಯಿ ಒರೆಸಿಕೊಳ್ಳುತ್ತಿದ್ದರು, ಈ ಮನುಷ್ಯ ಹೊರಗೆ ಕೂತು ಉಪವಾಸ. ನಾನು ಎಷ್ಟು ಸಲ ಬೈದೆ! 'ಅವ್ರದ್ದು ಅವ್ರಿಗೆ ಭಾವ, ನೀವ್ಯಾಕೆ ಬಿಡ್ತೀರಿ? ತಪ್ಪು ಮಾಡಿದ್ದು ನೀವಲ್ವಲ್ಲ.' ಫಾದರುಗಳು ಹೇಳಿ ನೋಡಿದರು, ಅಷ್ಟು ಕಟ್ಟುನಿಟ್ಟು ಬೇಡ ಎಂದು. ಅವರ ಮಾತೂ ನಡೆಯಲಿಲ್ಲ. ಭಾವ ಮಾಡಿದ್ದು ಸರಿಯೇ ತಪ್ಪೇ ಎಂದು ನನಗೆ ಇವತ್ತಿಗೂ ತೀರ್ಮಾನ ಮಾಡಲು ಆಗಿಲ್ಲ. ಸಿಟ್ಟು ಮಾತ್ರ ಹಾಗೇ ಇದೆ.

ಹಗಲು ನನ್ನ ಅಂಗಡಿಯಲ್ಲಿ ಕೂರುತ್ತಿದ್ದರು. ಅದೊಂದು ಬೇರೆ ಕಥೆ. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಗಿರಾಕಿಗೆ, 'ಈ ನಲ್ಲಿ ಒಂದು ಮಳೆಗಾಲ ಬರಲ್ಲ, ತಗೋಬೇಡಿ' ಎಂದಿರುತ್ತಿದ್ದರು. ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ಕಮ್ಮರಡಿ ಕಡೆಯವರು ಆಮೇಲಾಮೇಲೆ ನನ್ನ ಅಂಗಡಿಗೆ ಬಂದು, 'ನೀವು ಬೇಡ, ರೈಟ್ರು ಬರ್ಲಿ, ಅವ್ರನ್ನ ಕೇಳಿ ತಗೋತೀವಿ' ಎನ್ನತೊಡಗಿದರು. ನನ್ನ ಅಂಗಡಿಯಲ್ಲೇ ನನಗೆ ಬೆಲೆಯಿಲ್ಲ! ಕೊನೆಗೆ ಕೆಟ್ಟ ಮಾಲು ತರಿಸುವುದನ್ನೇ ಬಿಟ್ಟೆ. ಬೇರೆ ದಾರಿ ಇರಲಿಲ್ಲ.

ಹೀಗೇ ಎಷ್ಟೋ ವರ್ಷ ಕಳೆದ ಮೇಲೆ, ಒಂದು ಮುಂಜಾನೆ ಕಾಫಿ ಲೋಟ ಹಿಡಿದುಕೊಂಡಿದ್ದ ಭಾವ ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟರು.

ಬಿಸಿಲೇರುವ ಮುಂಚೆಯೇ ಸಾಹುಕಾರರು ಮಂಡಳಿಯವರನ್ನು ಕರೆದುಕೊಂಡು ನಮ್ಮ ಮೆಟ್ಟಿಲು ಹತ್ತಿದರು. ಮಲಗಿದ್ದವರ ಮುಂದೆ ಕೈ ಮುಗಿದರು. ಈಗ ಆ ಕಡೆಯಿಂದ ಬೇಡ ಎನ್ನಲು ಯಾರೂ ಇಲ್ಲವಲ್ಲ. ಆಮೇಲೆ ಅಕ್ಕನ ಹತ್ತಿರ ಬಗ್ಗಿ, 'ಸಮಾಧಾನ ಮಾಡ್ಕಳಿ ಬಾಯಮ್ಮ. ಮೇಲಿನ ಸಾಲಲ್ಲಿ, ನಮ್ಮ ಮನೆತನದ ಪಕ್ಕದಲ್ಲೇ ರೈಟ್ರಿಗೆ ಜಾಗ ಮಾಡ್ತೀವಿ. ಮಂಡಳಿ ಒಪ್ಪಿದೆ' ಎಂದರು. ಕೋಣೆಯಲ್ಲಿದ್ದ ನೆಂಟರಿಗೆಲ್ಲ ಬಹಳ ಸಂತೋಷವಾಯಿತು. ಕೊನೆಗಾದರೂ ಮರ್ಯಾದೆ ಸಿಕ್ಕಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ನನಗೆ ತಡೆಯಲಾಗಲಿಲ್ಲ. 'ನಿಮ್ಮ ಮೇಲಿನ ಸಾಲು ನೀವೇ ಇಟ್ಕಳಿ! ನಮ್ಮ ಭಾವನಿಗೆ ಕೆಳಗಿನ ಸಾಲಲ್ಲಿ ನಮ್ಮ ಜಾಗ ಉಂಟು. ಅದನ್ನೇ ತೆಗಿಸ್ತೀನಿ' ಎಂದು ಕೂಗಿದೆ.

ಅಕ್ಕ ತಲೆಯೆತ್ತಿದಳು. ಅವಳು ಅಳುತ್ತಿರಲಿಲ್ಲ.

'ಎಂತ ನಮ್ಮ ಜಾಗ? ಅದನ್ನ ಕೊಟ್ಟಾಗಿದೆ. ಅದು ಅವಳ ಗಂಡಂದು. ಅವಳನ್ನ ಕೇಳ್ದೆ ಯಾರೂ ಮಣ್ಣು ಮುಟ್ಟೋ ಹಾಗಿಲ್ಲ.'

ಯಾರಿಗೂ ಏನು ಹೇಳುತ್ತಿದ್ದಾಳೆಂದು ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ನೆಂಟರೊಬ್ಬರು, 'ದುಃಖದಲ್ಲಿ ಏನೋ ಹೇಳ್ತಿದಾಳೆ, ಬಿಡಿ' ಎಂದರು. ಅಕ್ಕ ಅವರನ್ನು ದುರುಗುಟ್ಟಿ ನೋಡಿದಳು. ಇಷ್ಟು ವರ್ಷ ಭಾವನ ಹಠದ ಕೆಳಗೆ ನಲುಗಿದ ಪಾಪದ ಹೆಂಗಸು ಎಂದು ನಾನು ಮರುಗುತ್ತಿದ್ದೆನಲ್ಲ, ಅವಳು ಇವಳೇ. ಅವತ್ತು ಸಿಮಿತ್ರಿಯಲ್ಲಿ ತಲೆಯಾಡಿಸಿದಾಗ ಅವಳೂ ಕೊಟ್ಟಿದ್ದಳು, ಮನಸಾರೆ ಕೊಟ್ಟಿದ್ದಳು. ಅದು ನನಗೆ ಹೊಳೆದೇ ಇರಲಿಲ್ಲ.

ಆ ವಿಧವೆ ಊರಿಗೆ ಹೋಗಿರಲಿಲ್ಲ. ಶೃಂಗೇರಿಯ ಆಚೆ ಕೆರೆಕಟ್ಟೆಯಲ್ಲಿ ಒಬ್ಬರ ಮನೆಯ ಕೆಲಸಕ್ಕೆ ಸೇರಿಕೊಂಡಿದ್ದಳು. ಫೋನು ಮಾಡಿದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಬಸ್ಸು ನಂಬುವ ಹಾಗಿಲ್ಲ. ನಾನು ಜೀಪು ತೆಗೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಬೈದೆ. ಸಾಹುಕಾರರನ್ನು ಬೈದೆ, ಮಂಡಳಿಯನ್ನು ಬೈದೆ, ಸತ್ತ ಭಾವನನ್ನೂ ಬೈದೆ. ಮೆಣಸೆ ದಾಟುವಾಗ ಸ್ಟೇರಿಂಗ್ ಹಿಡಿದುಕೊಂಡೇ ಜೋರಾಗಿ ಅತ್ತುಬಿಟ್ಟೆ. ಅವಳು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ವಿಷಯ ಹೇಳಿದ್ದಕ್ಕೆ ಕೈ ತೊಳೆದುಕೊಂಡು ಹಾಗೇ ಬಂದು ಜೀಪಿನಲ್ಲಿ ಕೂತಳು.

ಗುಂಡಿ ಆದ ಮೇಲೇ ಇಗರ್ಜಿಯಲ್ಲಿ ಪೂಜೆ ಎಂದು ನಾವು ಬರುವಾಗ ಎಲ್ಲರೂ ಸಿಮಿತ್ರಿಯಲ್ಲಿ ಕಾಯುತ್ತಿದ್ದರು. ಈಗಿನ ಫಾದರು, ಮಂಡಳಿಯವರು, ಬಿಸಿಲಿಗೆ ಕರ್ಚೀಫು ತಲೆಗೆ ಹಾಕಿಕೊಂಡ ಸಾಹುಕಾರರು. ಗುಂಡಿ ತೋಡುವವನು ಗುದ್ದಲಿ ಊರಿಕೊಂಡು ಕೂತಿದ್ದ. ಅಕ್ಕ ಆ ಜಾಗದ ಪಕ್ಕ ನೆಲದ ಮೇಲೆ ಕೂತಿದ್ದಳು. ವಿಧವೆ ಓಡಿ ಬಂದು ಅವಳನ್ನು ತಬ್ಬಿಕೊಂಡಳು. ಆಮೇಲೆ ಅಕ್ಕ ಅವಳ ಮುಖ ಎತ್ತಿ ಕೇಳಿದಳು.

'ಇವ್ರನ್ನ ಇಡೋಕೆ ಎಲ್ಲೂ ಜಾಗ ಇಲ್ಲ ತಂಗಿ. ನಿನ್ನ ಗಂಡನ ಜೊತೆ ಇಡ್ಬಹುದಾ?'

ಅವಳಿಗೆ ಗಾಬರಿಯಾಯಿತು. 'ದೀದಿ, ಇದು ರೈಟರ್ ಸಾಬ್‌ದೇ ಅಲ್ವಾ? ನನ್ನ ಹತ್ರ ಯಾಕೆ ಕೇಳ್ತೀರಿ?'

'ಅಲ್ಲ. ಕೊಟ್ಟ ಮೇಲೆ ನಿಂದು. ಆಗಲ್ಲ ಅಂದ್ರೆ ಆಗಲ್ಲ ಅನ್ನು, ನಂಗೆ ಬೇಜಾರಿಲ್ಲ. ಬೇರೆ ಕಡೆ ನೋಡ್ತೀವಿ.'

ಅವಳು ತಿರುಗಿ ಎಲ್ಲರನ್ನೂ ನೋಡಿದಳು. ಸಾಹುಕಾರರನ್ನೂ ನೋಡಿದಳು. ಅವರು ಬೇರೆ ಕಡೆ ನೋಡಿದರು. ತನ್ನ ಜೀವಮಾನದಲ್ಲಿ ಯಾರೂ ಅವಳನ್ನು ಒಂದು ಅಡಿ ನೆಲಕ್ಕೆ ಅಪ್ಪಣೆ ಕೇಳಿರಲಿಕ್ಕಿಲ್ಲ. ಅವಳು ಮಂಡಿಯೂರಿ ಗಂಡನ ಮೇಲಿನ ಮಣ್ಣನ್ನು ಅಂಗೈಯಿಂದ ಸವರಿದಳು. ಅವಳ ಭಾಷೆಯಲ್ಲಿ ಅವನಿಗೆ ಏನೋ ಹೇಳಿದಳು. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

'ಕೊಡ್ತೀನಿ ದೀದಿ.'

ಗುಂಡಿ ತೋಡುವವನು ರೂಢಿಯಂತೆ ಸಾಹುಕಾರರ ಮುಖ ನೋಡಿದ, ಶುರು ಮಾಡಲೇ ಎಂದು.

'ಅಲ್ಲಿ ಎಂತ ನೋಡ್ತೀಯ?' ಎಂದೆ ನಾನು. 'ತೋಡು ಮಾರಾಯ. ಜಾಗದೋರು ಒಪ್ಪಿದಾರೆ.'